ಮೆಣಸು ತೂರುವ ಕಣದಿಂದ ಬಿಳಿ ಇಲಿಯವರಿಗೆ

ಜಾವಳಿ, ಮೂಡಿಗೆರೆ ತಾಲ್ಲೂಕು
ಏಪ್ರಿಲ್ ೨೦೦೪

ಬೆಂಗಳೂರಿನ ಸಂಶೋಧನಾಲಯವೊಂದರ ತಂಪು ಕೋಣೆಯಲ್ಲಿ, ಹೊಟ್ಟಿನ ಹಾಸಿಗೆಯ ಮೇಲೆ ಸುಖಾಸೀನರಾಗಿರುವ ಶ್ರೀ ಬಿಳಿ ಇಲಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ತುಂಬು ಸಂಸಾರವೂ ಆರೋಗ್ಯದಿಂದಿರಲೆಂದು ಮೊದಲಿಗೆ ಹಾರೈಸುತ್ತೇನೆ. ಆರೋಗ್ಯ ಕೆಡಿಸಿಕೊಳ್ಳುವುದೇ ತಮ್ಮ ನೌಕರಿಯ ಮುಖ್ಯ ಭಾಗವೆಂದು ಕೇಳಿರುವುದರಿಂದ, ಈ ಹಾರೈಕೆಯಿಂದ ತಮ್ಮ ಮೇಲಧಿಕಾರಿಗಳಿಗೆ ತೊಂದರೆಯಾಗುವುದಾದರೆ ಅದನ್ನು ಹಿಂದಕ್ಕೆ ಪಡೆಯಲೂ ಸಿದ್ಧನಿದ್ದೇನೆ. ನಾನು ಜಾವಳಿಯ ಗಂಗಾಧರಪ್ಪ, ಕಾಫಿ ಮತ್ತು ಕಾಳುಮೆಣಸಿನ ಬೆಳೆಗಾರ. ರಸ್ತೆ, ಕರೆಂಟು, ಕಾಡಾನೆ ಎಂಬ ಮೂರು ವಿಷಯಗಳ ಮೇಲೆ ದಿನಪತ್ರಿಕೆಗಳ ಓದುಗರ ಅಂಕಣಕ್ಕೆ ಬಹಳ ಕಾಲದಿಂದ ಬರೆಯುತ್ತ ಬಂದಿದ್ದೇನೆ. ಈ ಮೂವರಲ್ಲಿ ಯಾರೂ ಇದುವರೆಗೆ ಉತ್ತರ ಕೊಟ್ಟಿಲ್ಲವಾದ್ದರಿಂದ ತಮ್ಮಿಂದಲೂ ನಿರೀಕ್ಷಿಸುವುದಿಲ್ಲ.

ದೂರನ್ನು ಆರಂಭದಲ್ಲೇ ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ತಮ್ಮ ಮೈಯೊಳಗಿನ ಕಾವಲು ಕೋಶಗಳು ಹೊರಗಿನ ಪದಾರ್ಥವೊಂದು ಒಳಹೊಕ್ಕಾಗ ಹೇಗೆ ವರ್ತಿಸುತ್ತವೆ, ಆ ವರ್ತನೆ ತಂದೆ ತಾಯಿಯಿಂದ ಮರಿಗಳಿಗೆ ಹೇಗೆ ಇಳಿದು ಬರುತ್ತದೆ ಎಂಬುದು ತಮ್ಮ ಮನೆಯೊಳಗಿನ ಸಂಗತಿ. ತಾವು ಅದನ್ನು ಗುಟ್ಟಾಗಿ ಇಟ್ಟುಕೊಂಡಿದ್ದರೆ ನನ್ನ ತಕರಾರೇನೂ ಇರಲಿಲ್ಲ. ವಿಜ್ಞಾನಿಗಳ ಮುಂದೆ ತಾವು ಅದನ್ನೆಲ್ಲ ಬಿಚ್ಚಿಟ್ಟಿದ್ದರಿಂದ, ನನ್ನ ಮೊಮ್ಮಗನ ದಮ್ಮಿಗೆ ಯಾರು ಹೊಣೆ ಎಂದು ನಮ್ಮ ಮನೆಯಲ್ಲಿ ಚೊಕ್ಕವಾಗಿ ತೀರ್ಮಾನವಾಗಿದ್ದ ವಿಷಯ ಮತ್ತೆ ವಿಚಾರಣೆಗೆ ಬಂತು. ಬಂದದ್ದಷ್ಟೇ ಅಲ್ಲದೆ, ತೀರ್ಪು ಕೊಟ್ಟವರ ಮನೆ ಬಾಗಿಲಿಗೇ ಬಂದು ನಿಂತಿತು.

ನನ್ನ ಮಗ ವೆಂಕಟೇಶನಿಗೆ ಕಳಸದ ಬೆಳೆಗಾರರಾದ ಬೆಳ್ಳಿಯಪ್ಪನವರ ಮಗಳು ದೀಪಶ್ರೀಯನ್ನು ತಂದುಕೊಂಡಿದ್ದೇವೆ. ಅವರಿಬ್ಬರ ಮಗ ತನ್ಮಯ್‌ಗೆ ಈಗ ಐದು ವರ್ಷ. ಕಳೆದ ಚಳಿಗಾಲದಲ್ಲಿ, ಮೆಣಸಿನ ಕೊಯ್ಲು ಶುರುವಾದ ಮೇಲೆ, ಮಗು ರಾತ್ರಿಯಿಡೀ ಎದೆಯಲ್ಲಿ ಸಿಳ್ಳೆ ಹಾಕುತ್ತ ಎದ್ದು ಕೂರುವಂತಾಯಿತು. ಮೂಡಿಗೆರೆಯ ಡಾಕ್ಟರು ಆಸ್ತಮಾ ಎಂದರು. ನನ್ನ ಪತ್ನಿ ವಿಮಲಮ್ಮ ಕಳಸ ಎಂದರು. ಡಾಕ್ಟರು ತಮ್ಮ ಅಭಿಪ್ರಾಯವನ್ನು ಒಂದೇ ಸಲ ಹೇಳಿದರೆ, ವಿಮಲಮ್ಮ ತಮ್ಮದನ್ನು ಪ್ರತಿ ಊಟಕ್ಕೂ ಬಡಿಸಿದರು. “ನಮ್ಮ ಕಡೆ ಈ ಕಾಯ್ಲೆ ಯಾರಿಗೂ ಇಲ್ಲ. ಹೊರಗಿಂದ ಬಂದಿದ್ದು” ಎಂಬ ಆ ಮಾತನ್ನು ದೀಪಶ್ರೀ ಬಹಳ ದಿನ ಸಾರಿನ ಜೊತೆ ನುಂಗಿಕೊಂಡಳು. ಒಂದು ಬೆಳಿಗ್ಗೆ ತಟ್ಟೆ ತೊಳೆದಿಟ್ಟು, “ಅತ್ತೆ, ಹೊರಗಿಂದ ಬಂದಿದ್ದನ್ನ ಹೊರಗೇ ತಗೊಂಡು ಹೋಗ್ತೀನಿ” ಎಂದು ಮಗನ ಕೈ ಹಿಡಿದು ಕಳಸದ ಬಸ್ಸು ಹತ್ತಿದಳು. ಅತ್ತೆ ಮಾತು ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ಜೂನ್ ತಿಂಗಳಲ್ಲಿ ಮಗುವನ್ನು ಕಳಸದ ಶಾಲೆಗೇ ಸೇರಿಸುವುದಾಗಿ ಅಲ್ಲಿಂದ ಹೇಳಿಕಳಿಸಿದಳು. ಶಾಲೆಗೆ ಸೇರಿದ ಮಗು ಶಾಲೆ ಇರುವ ಊರಿನದಾಗುತ್ತದೆ ಎಂಬುದು ಇಲಿಗಳಿಗೆ ತಿಳಿಯದಿದ್ದರೂ ಅಜ್ಜಂದಿರಿಗೆ ತಿಳಿಯುತ್ತದೆ. ನನ್ನ ಮಗನೋ, ತಾಯಿಯ ಎದುರು ಕಳಸದ ಪರವಾಗಿಯೂ ಫೋನಿನಲ್ಲಿ ಹೆಂಡತಿಯ ಎದುರು ಜಾವಳಿಯ ಪರವಾಗಿಯೂ ಮಾತಾಡಿ, ಎರಡೂ ಕಡೆ ಬೈಸಿಕೊಳ್ಳುವ ಅಪರೂಪದ ಪ್ರತಿಭೆ ಉಳ್ಳವನು.

ಇಂಥ ಸಮಯದಲ್ಲಿ ತಮ್ಮ ಪ್ರತಿನಿಧಿ ನಮ್ಮ ಮನೆಗೆ ಬಂದಳು. ಕಳಸದ ಶಾಲಾ ಮಾಸ್ತರರ ಮಗಳು ವರ್ಷಿಣಿ, ದೀಪಶ್ರೀಯ ಬಾಲ್ಯದ ಗೆಳತಿ, ತಮ್ಮ ಸೇವೆಯಲ್ಲೇ ಡಾಕ್ಟರೇಟ್ ಮಾಡುತ್ತಿರುವವಳು. ರಜೆಗೆ ಊರಿಗೆ ಬಂದವಳನ್ನು ಗೆಳತಿ ಸಂಧಾನಕ್ಕೆ ಕಳಿಸಿದ್ದಳು. ಜಗಲಿಯಲ್ಲಿ ಕಾಫಿ ಕುಡಿಯುತ್ತ ಅವಳು ತಮ್ಮ ವಂಶಾವಳಿಯನ್ನು ವಿವರಿಸಿದಳು. ಇಪ್ಪತ್ತಕ್ಕೂ ಹೆಚ್ಚು ತಲೆಮಾರು ಅಣ್ಣನಿಗೆ ತಂಗಿಯನ್ನೇ ಜೋಡಿ ಮಾಡುತ್ತ ಬಂದಿರುವುದರಿಂದ ತಮ್ಮಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಯಾವ ವ್ಯತ್ಯಾಸವೂ ಇಲ್ಲವಂತೆ. ಎಂಥ ನೆಮ್ಮದಿಯ ಸಂಸಾರ ತಮ್ಮದು ಎಂದು ನನಗೆ ಆಗಲೇ ಹೊಟ್ಟೆಕಿಚ್ಚಾಯಿತು. ತವರುಮನೆಯೂ ಅತ್ತೆಮನೆಯೂ ಒಂದೇ ಗೂಡು. ಬೀಗರೆಂಬ ಪ್ರಾಣಿಯೇ ತಮ್ಮಲ್ಲಿಲ್ಲ. ಮರಿಗೆ ಸೀನು ಬಂದರೆ ಬೆರಳು ತೋರಿಸಲು ದಿಕ್ಕೇ ಇಲ್ಲ.

ಎದುರು ಕಪಾಟಿನಲ್ಲಿ ಇನ್ನೊಂದು ವಂಶವಿದೆಯಂತೆ, ಕರಿಯ ಬಣ್ಣದ್ದು, ಅದೂ ಹೀಗೇ ಕಟ್ಟುನಿಟ್ಟಾಗಿ ಬೆಳೆಸಿದ್ದು. ಮೊಟ್ಟೆಯ ಬಿಳಿಭಾಗದ ಸಾರವನ್ನು ಮೊದಲು ಸೂಜಿಯಲ್ಲಿ ಚುಚ್ಚಿ, ಕೆಲವು ದಿನ ಬಿಟ್ಟು ಅದನ್ನೇ ಉಸಿರಿನಲ್ಲಿ ಸೇರುವಂತೆ ಸಿಂಪಡಿಸಿದರೆ, ತಮಗೆ ಉಸಿರಿನ ಕೊಳವೆ ಬಿಗಿದುಕೊಳ್ಳುತ್ತದೆ. ಕರಿಯರಿಗೆ ಅಷ್ಟೇನೂ ಆಗುವುದಿಲ್ಲ. “ರಕ್ತದಲ್ಲಿ ಕಾವಲು ಕಾಯೋ ಕೋಶ ಇರ್ತಾವೆ ಅಂಕಲ್, ನಿಮ್ಮ ಎಸ್ಟೇಟಿನ ವಾಚರ್ ಇದ್ದ ಹಾಗೆ. ಒಬ್ಬ ಆನೆ ಬಂದ್ರೆ ಮಾತ್ರ ಪಟಾಕಿ ಹಚ್ತಾನೆ. ಇನ್ನೊಬ್ಬ ಅಳಿಲು ಓಡಾಡಿದ್ರೂ ಹಚ್ತಾನೆ. ಬಿಳಿ ಇಲಿಯ ವಾಚರ್ ಎರಡನೇ ಥರದವನು” ಎಂದು ಅವಳು ಬಿಡಿಸಿ ಹೇಳಿದಳು. ವಿಮಲಮ್ಮನಿಗೆ ಇಷ್ಟೇ ಸಾಕಾಗಿತ್ತು. “ಹಾಗಾದ್ರೆ ಕಳಸದೋರು ಬಿಳಿ ಇಲಿ. ನಾ ಮೊದ್ಲೇ ಹೇಳ್ಲಿಲ್ವಾ” ಎಂದು ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡರು.

ಪಾಪದ ಹುಡುಗಿ ಪಟ್ಟು ಬಿಡಲಿಲ್ಲ. ಬಿಳಿಯರಿಗೂ ಕರಿಯರಿಗೂ ಸಂಬಂಧ ಬೆಳೆಸಿದರೆ ಮರಿಗಳಲ್ಲಿ ಎರಡೂ ಕಡೆಯ ಪಾಲಿರುತ್ತದೆ, ಮೊಮ್ಮರಿಗಳಲ್ಲಿ ಅದು ಇಸ್ಪೀಟೆಲೆಯಂತೆ ಕಲಸಿಹೋಗಿ ಕೆಲವು ಅಜ್ಜಿಯನ್ನು, ಕೆಲವು ಅಜ್ಜನನ್ನು, ಹೆಚ್ಚಿನವು ಯಾರನ್ನೂ ಪೂರ್ತಿ ಹೋಲುವುದಿಲ್ಲ, ಇದನ್ನು ತೀರ್ಮಾನಿಸುವ ಜೀನು ಒಂದಲ್ಲ ಹಲವಾರು, ಜೊತೆಗೆ ಮಗು ಉಸಿರಾಡುವ ಗಾಳಿಯ ಪಾಲೂ ಇದೆ ಎಂದೆಲ್ಲ ಹೇಳಿದಳು. ಸತ್ಯ ಹೇಳುವ ಚಟ ಇರುವವಳಾದ್ದರಿಂದ, ತಾಯಿಯ ಕಡೆಯಿಂದ ತುಸು ಹೆಚ್ಚು ಬರಬಹುದೆಂದು ಇಲಿಗಳ ಮೇಲಿನ ಕೆಲವು ಪ್ರಯೋಗಗಳು ಸೂಚಿಸುತ್ತವೆ ಎಂದೂ ಸೇರಿಸಿದಳು. ಒಂದು ಗಂಟೆಯ ಆ ಉಪನ್ಯಾಸದಲ್ಲಿ ವಿಮಲಮ್ಮ ಕಿವಿಗೆ ಹಾಕಿಕೊಂಡದ್ದು ಈ ಕೊನೆಯ ವಾಕ್ಯ ಮಾತ್ರ. ಅವಳು ಹೋದ ಮೇಲೆ, “ಒಳ್ಳೇ ಹುಡುಗಿ. ಆದ್ರೆ ಅವಳೂ ಕಳಸದೋಳೇ ಅಲ್ವಾ” ಎಂದು ಉಳಿದದ್ದನ್ನು ವಜಾ ಮಾಡಿದರು.

ಇಲ್ಲಿಂದ ಮುಂದಿನದಕ್ಕೆ ತಾವೇ ನೇರ ಹೊಣೆ. “ಇಲಿಗೆ ಮೊಟ್ಟೆ ಊದಿ ಅದರ ವಂಶ ಕಂಡುಹಿಡೀತಾರೆ ಅಂದ್ರೆ, ಬೀಗರಿಗೆ ಮೆಣಸಿನ ಧೂಳು ಊದಿದ್ರೆ ಗೊತ್ತಾಗಲ್ವೇನ್ರೀ” ಎಂದು ವಿಮಲಮ್ಮ ಕೇಳಿದಾಗ ನನಗೂ ಅದು ನ್ಯಾಯವಾಗಿಯೇ ಕಂಡಿತು. ಮಾರ್ಚ್ ತಿಂಗಳಲ್ಲಿ, ಒಣಗಿದ ಮೆಣಸನ್ನು ತೂರುವ ಮೊದಲ ದಿನಕ್ಕೇ ಬೆಳ್ಳಿಯಪ್ಪನವರನ್ನು ಊಟಕ್ಕೆ ಕರೆದೆವು. ನಮ್ಮ ಮೆಣಸಿನ ಕಣ ಮನೆಯ ಅಂಗಳಕ್ಕೆ ಅಂಟಿಕೊಂಡೇ ಇತ್ತು. ತೂರುವಾಗ ಕಪ್ಪು ಧೂಳು ಜಗಲಿಯ ಪಡುವಣ ಮೂಲೆಗೆ ಹೊಡೆಯುತ್ತದೆ. ಆ ಮೂಲೆಯಲ್ಲೇ ಕ್ಯಾನ್ವಾಸ್ ಕುರ್ಚಿ ಹಾಕಿಸಿದ್ದು ವಿಮಲಮ್ಮನ ವೈಜ್ಞಾನಿಕ ಸಿದ್ಧತೆ.

ಇಲ್ಲಿ ನಮ್ಮ ಮನೆಯ ಪದ್ಧತಿಯೊಂದನ್ನು ತಮಗೆ ತಿಳಿಸಬೇಕು. ಮೆಣಸು ತೂರುವ ದಿನ ಯಜಮಾನನಾದವನು ಕಣಕ್ಕೆ ಇಳಿಯುವುದಿಲ್ಲ. ಮೂಡಣದ ಕಟ್ಟೆಯ ಮೇಲೆ, ಗಾಳಿಗೆ ಬೆನ್ನು ಕೊಟ್ಟು, ಬಿಳಿಯ ಕರವಸ್ತ್ರವನ್ನು ಮೂಗಿಗೆ ಹಿಡಿದು ನಿಲ್ಲುತ್ತಾನೆ. ಮಾತಾಡುವುದಿಲ್ಲ, ಎಡಗೈಯ ಸನ್ನೆಯಲ್ಲೇ ಕೆಲಸ ನಡೆಸುತ್ತಾನೆ. ನನ್ನ ಅಜ್ಜ ಹಾಗೆ ನಿಂತರು, ಅಪ್ಪ ಹಾಗೆ ನಿಂತರು, ನಾನೂ ಹಾಗೇ ನಿಂತೆ. ಅಪ್ಪನ ಆ ಭಂಗಿಯ ಪಟವೇ ನಮ್ಮ ಹಜಾರದಲ್ಲಿದೆ. “ಜಾವಳಿ ಯಜಮಾನ್ರ ಗತ್ತು ನೋಡು ಮಾರಾಯ, ಬಾಯಿ ಬಿಡದೆ ಕಣ ನಡೆಸ್ತಾರೆ” ಎಂದು ಅಕ್ಕಪಕ್ಕದ ತೋಟದವರು ಹೇಳುವುದನ್ನು ಕೇಳಿಯೇ ನಾನು ದೊಡ್ಡವನಾದೆ. ತೂರುವುದು ಮುಗಿದ ಮೇಲೆ ಯಜಮಾನ ನೀಲಗಿರಿ ಸೊಪ್ಪು ಹಾಕಿದ ಬಿಸಿನೀರು ಮಿಂದು, ಮೂರು ದಿಂಬಿಗೆ ಒರಗಿ ಎರಡು ದಿನ ಯಾರ ಜೊತೆಯೂ ಮಾತಿಲ್ಲದೆ ಕೂರುತ್ತಾನೆ. ಇದಕ್ಕೆ ನಮ್ಮಲ್ಲಿ ಯಜಮಾನರ ವಿಶ್ರಾಂತಿ ಎನ್ನುತ್ತಾರೆ.

ಬೆಳ್ಳಿಯಪ್ಪನವರು ಇಸ್ತ್ರಿ ಮಾಡಿದ ಪಂಚೆಯುಟ್ಟು ಜೀಪಿನಲ್ಲಿ ಬಂದರು. ಸಂಧಾನ ಮುಂದುವರಿಸಲು ವರ್ಷಿಣಿಯೂ ಜೊತೆಗೆ ಬಂದಿದ್ದಳು. ಕಡುಬು, ಕೋಳಿ ಸಾರಿನ ಊಟ ಮುಗಿಸಿ ಬೀಗರು, ನಾವು ತೋರಿಸಿದ ಕುರ್ಚಿಯಲ್ಲಿ ಕುಳಿತರು. ತೂರಲು ಶುರುವಾಯಿತು. ಅವರ ಪಂಚೆ ಬೂದುಬಣ್ಣಕ್ಕೆ ತಿರುಗಿತು, ಹುಬ್ಬು ಕಪ್ಪಾಯಿತು, ಆದರೆ ಒಂದು ಸೀನಿಲ್ಲ, ಕೆಮ್ಮಿಲ್ಲ. ಬಾಗಿಲ ಸಂದಿಯಿಂದ ಫಲಿತಾಂಶ ನೋಡುತ್ತಿದ್ದ ವಿಮಲಮ್ಮ ಇನ್ನೊಂದು ಲೋಟ ಕಾಫಿ ಕಳಿಸಿ ಅವರನ್ನು ಅಲ್ಲೇ ಕೂರಿಸಿದರು. ಬೀಗರು ಕಾಫಿ ಹೀರಿ, “ಬೀಗರೇ, ನಿಮ್ಮ ಮೆಣಸಿಗೆ ಈ ವರ್ಷ ಖಾರ ಕಮ್ಮಿ ಏನೋ” ಎಂದು ಕಟ್ಟೆಯ ಮೇಲಿದ್ದ ನನ್ನನ್ನು ಕೂಗಿ ಕೇಳಿದರು. ನಾನು ಪದ್ಧತಿಯಂತೆ ಎಡಗೈ ಎತ್ತಿದೆ.

ವಿಷಯ ಅರ್ಥವಾಗುತ್ತಿದ್ದ ಹಾಗೆ ವರ್ಷಿಣಿ ತಲೆಗೆ ಕೈ ಹಚ್ಚಿಕೊಂಡಳು. “ಆಂಟಿ, ಒಬ್ಬ ಬೀಗರಿಂದ ಏನೂ ಗೊತ್ತಾಗಲ್ಲ. ಕಡೇ ಪಕ್ಷ ಹತ್ತು ಬೀಗರಾದ್ರೂ ಬೇಕು” ಎಂದಳು. “ಒಬ್ರನ್ನೇ ತಡ್ಕೊಳ್ಳೋಕಾಗ್ತಿಲ್ಲ” ಎಂದು ವಿಮಲಮ್ಮ ಒಳಗಿನಿಂದಲೇ ಉತ್ತರಿಸಿದರು.

ಅಷ್ಟರಲ್ಲಿ ಗಾಳಿ ತಿರುಗಿತು. ದೇವರಮನೆ ಗುಡ್ಡದ ಕಡೆಯಿಂದ ಬೀಸುತ್ತಿದ್ದದ್ದು ಒಮ್ಮೆಲೇ ನಿಂತು, ಪಡುವಣದಿಂದ ಎದ್ದು, ಕಣದ ಧೂಳನ್ನೆಲ್ಲ ಎತ್ತಿ ಕಟ್ಟೆಯ ಮೇಲೆ ಸುರಿಯಿತು. ಮುಂದಿನದನ್ನು ವಿವರವಾಗಿ ಬರೆಯುವುದು ನನ್ನ ವಯಸ್ಸಿಗೂ ಸ್ಥಾನಕ್ಕೂ ಒಪ್ಪುವುದಿಲ್ಲ. ನಾನು ಕೆಮ್ಮಿದೆ, ಕಟ್ಟೆಯ ಮೇಲೆ ಕುಳಿತೆ, ಮತ್ತು ನನ್ನ ಎದೆಯಿಂದ ಮೊಮ್ಮಗನ ಎದೆಯ ಅದೇ ಸಿಳ್ಳೆ, ಸ್ವಲ್ಪ ದಪ್ಪ ಸ್ವರದಲ್ಲಿ, ಬೀಗರಿಗೆ ಕೇಳುವಷ್ಟು ಜೋರಾಗಿ ಹೊರಟಿತು ಎಂದಷ್ಟೇ ಹೇಳಿದರೆ ಸಾಕು.

ವೆಂಕಟೇಶನೂ ಬೀಗರೂ ನನ್ನನ್ನು ಹಜಾರಕ್ಕೆ ತಂದು ಕೂರಿಸಿದರು. ವಿಮಲಮ್ಮ ಅಭ್ಯಾಸದಂತೆ ಮೂರು ದಿಂಬು ತಂದಿಟ್ಟರು. ವರ್ಷಿಣಿ ದಿಂಬು ನೋಡಿದಳು, ಕರವಸ್ತ್ರ ನೋಡಿದಳು, ಗೋಡೆಯ ಮೇಲಿನ ಅಪ್ಪನ ಪಟ ನೋಡಿದಳು. “ಇವರೂ ಹೀಗೇ ಒರಗಿ ಕೂರ್ತಿದ್ರಾ” ಎಂದು ಕೇಳಿದಳು. “ನಮ್ಮ ಮಾವನವ್ರಾ? ಅವರಿಗೆ ನಾಲ್ಕು ದಿಂಬು ಬೇಕಿತ್ತು” ಎಂದು ವಿಮಲಮ್ಮ ಹೆಮ್ಮೆಯಿಂದ ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ವಿಮಲಮ್ಮ ಬಹಳ ಮೆಲ್ಲಗೆ, “ವರ್ಷಾ ವರ್ಷ ಆ ದಿಂಬು ಬಿಸಿಲಿಗೆ ಒಣಗ್ಸಿ ಇಟ್ಟೋಳು ನಾನು. ಯಜಮಾನಿಕೆ ಅಂದ್ಕೊಂಡಿದ್ದೆ” ಎಂದರು.

ಬೆಳ್ಳಿಯಪ್ಪನವರಿಗೆ ಆಗ ಆದ ಸಂತೋಷವನ್ನು ತಾವು ನೋಡಬೇಕಿತ್ತು. ದಾರಿಯಲ್ಲಿ ವರ್ಷಿಣಿಯಿಂದ ಇಲಿಗಳ ಕತೆ ಕೇಳಿದ್ದ ಅವರು, “ಕರಿ ಇಲಿ ಅಂದ್ಕೊಂಡಿದ್ರಿ ಬೀಗರೇ, ಧೂಳು ಕೊಡವಿದ್ರೆ ಬಿಳಿ ಬಂತಲ್ಲ” ಎಂದು ತೊಡೆ ತಟ್ಟಿಕೊಂಡು ನಕ್ಕರು. ತಮ್ಮ ಪ್ರತಿನಿಧಿ ಪಕ್ಷಪಾತಿಯಲ್ಲ ಎಂಬುದನ್ನು ಒಪ್ಪಲೇಬೇಕು. ಅವಳು ಅವರ ಕಡೆಗೂ ತಿರುಗಿದಳು. “ಅಂಕಲ್, ನಿಮ್ಮನೇಲಿ ಏಡಿ ಮಾಡಲ್ಲ ಅಲ್ವಾ, ಯಾಕೆ?” ಎಂದು ಕೇಳಿದಳು. ಕಳಸದ ಆ ಮನೆಯಲ್ಲಿ ಗದ್ದೆಯ ಏಡಿಯನ್ನು ಹೊಸ್ತಿಲು ದಾಟಿಸುವುದಿಲ್ಲ, ಮನೆದೇವರಿಗೆ ಆಗುವುದಿಲ್ಲ ಎಂಬುದು ನಮಗೆಲ್ಲ ತಿಳಿದ ವಿಷಯ. ಮದುವೆಯ ಮಾತುಕತೆಯಲ್ಲೇ ಅದನ್ನು ಹೇಳಿದ್ದರು. “ದೇವರ ಕಟ್ಟಳೆ” ಎಂದರು ಬೀಗರು. “ತಿಂದ್ರೆ ಏನಾಗುತ್ತೆ?” ಎಂದಳು ಹುಡುಗಿ. ಬೀಗರು ಗಂಭೀರವಾಗಿ, “ದೇವರು ಸುಮ್ನೆ ಬಿಡ್ತಾನಾ? ಮೈಯೆಲ್ಲ ದದ್ದು, ತುಟಿ ಊದ್ಕೊಳ್ಳುತ್ತೆ. ನಮ್ಮಜ್ಜನಿಗೂ ಆಗಿತ್ತು, ನಮ್ಮಕ್ಕನಿಗೂ” ಎಂದವರು, ತಮ್ಮ ಮಾತು ತಮಗೇ ಕೇಳಿಸಿ ತುಟಿ ಮುಟ್ಟಿ ನೋಡಿಕೊಂಡರು.

ಹೀಗೆ ಒಂದೇ ಮಧ್ಯಾಹ್ನದಲ್ಲಿ ಎರಡು ಮನೆತನಗಳು ಬರಿದಾದವು. ಜಾವಳಿಯವರಲ್ಲಿ ಗತ್ತು ಎಂದು ಕರೆಸಿಕೊಂಡದ್ದೂ ಕಳಸದವರಲ್ಲಿ ದೈವಭಕ್ತಿ ಎಂದು ಕರೆಸಿಕೊಂಡದ್ದೂ, ಅಳಿಲಿಗೆ ಪಟಾಕಿ ಹಚ್ಚುವ ವಾಚರನ ಕೆಲಸವೆಂದು ತಿಳಿಯಿತು. ಹಾಗೆಂದು ಇದೇ ಪೂರ್ತಿ ಕಾರಣವೆಂದೂ ಹೇಳಲಾಗದು, ಮಗುವಿನ ಮೈಯಲ್ಲಿ ಯಾರ ಪಾಲು ಎಷ್ಟು ಎಂದು ಅಳೆಯಲು ಬರುವುದಿಲ್ಲ, ಅಳೆದರೂ ಪ್ರಯೋಜನವಿಲ್ಲ, ಮೆಣಸಿನ ಧೂಳೋ ಅದರೊಳಗಿನ ಬೂಷ್ಟೋ ಮಗುವಿನ ಕೋಣೆಯ ಕಿಟಕಿಗೆ ಬಾರದಂತೆ ನೋಡಿಕೊಳ್ಳಿ, ಡಾಕ್ಟರು ಕೊಟ್ಟ ಸೇದುವ ಔಷಧಿಯನ್ನು ತಪ್ಪಿಸಬೇಡಿ ಎಂದು ವರ್ಷಿಣಿ ಹೇಳಿದಳು. ಇಷ್ಟು ಸಾಧಾರಣವಾದ ಮಾತು ಹೇಳಲು ಇಪ್ಪತ್ತು ತಲೆಮಾರಿನ ಇಲಿಗಳು ಬೇಕಾದವೇ ಎಂದು ನನಗೆ ಅನಿಸಿತಾದರೂ, ಅದನ್ನು ಹೇಳುವಷ್ಟು ಉಸಿರಿರಲಿಲ್ಲ.

ಸಂಜೆ ಬೀಗರ ಜೀಪು ಹೊರಟಾಗ ವಿಮಲಮ್ಮ ಕೈಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತಿದ್ದರು. “ಸೊಸೆ ಹತ್ರ ಮಾತಾಡಿ ಬರ್ತೀನಿ” ಎಂದರು. ಮಾತಾಡಿದರು, ಆದರೆ ಬರಲಿಲ್ಲ. ಕಳಸದಿಂದ ಫೋನು ಬಂತು. ಆ ಕಡೆ ಮಾತಾಡಿದ್ದು ಅತ್ತೆಯೋ ಸೊಸೆಯೋ ಎಂದು ಹೇಳುವುದು ಕಷ್ಟ, ಇಬ್ಬರ ಮಾತೂ ಅಷ್ಟು ಒಂದೇ ಆಗಿತ್ತು. ತಾವಿಬ್ಬರೂ ಹೊರಗಿನಿಂದ ಬಂದವರೆಂದೂ, ಕಾಯಿಲೆ ಮೊದಲೇ ಮನೆಯೊಳಗಿತ್ತೆಂದೂ, ಕಣವನ್ನು ಮನೆಯಿಂದ ದೂರ ಮಾಡುವ ತನಕ ಮಗುವಾಗಲಿ ತಾವಾಗಲಿ ಜಾವಳಿಗೆ ಬರುವುದಿಲ್ಲವೆಂದೂ ತಿಳಿಸಿದರು. ತಾಯಿಯೂ ಹೆಂಡತಿಯೂ ಒಂದೇ ಪಕ್ಷ ಸೇರಿದ್ದರಿಂದ ವೆಂಕಟೇಶನಿಗೆ ಜೀವನದಲ್ಲಿ ಮೊದಲ ಬಾರಿಗೆ ಒಂದು ಅಭಿಪ್ರಾಯ ಹುಟ್ಟಿತು. ಮರುದಿನವೇ ಅವನು ಆಳುಗಳನ್ನು ಕರೆದುಕೊಂಡು ಹೋಗಿ, ತೋಟದಾಚೆಯ ಬೋಳು ದಿಬ್ಬದಲ್ಲಿ ಹೊಸ ಕಣಕ್ಕೆ ಗುದ್ದಲಿ ಹಾಕಿಸಿದ.

ಕಣದ ಕೆಲಸ ಮುಗಿದ ವಾರ ಅತ್ತೆ, ಸೊಸೆ, ಮಗು ಮೂವರೂ ಬಂದರು. ದೀಪಶ್ರೀ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಅವಳು ಯಾವ ಮಾತಿಗೆ ಕಾಯುತ್ತಿದ್ದಾಳೆಂದು ನಮಗೆಲ್ಲ ಗೊತ್ತಿತ್ತು. ವಿಮಲಮ್ಮ ಕ್ಷಮೆ ಕೇಳುವ ಜಾಯಮಾನದವರಲ್ಲ. ಮೊದಲೇ ಒಳಗೆ ಬಂದಿದ್ದವರು ನನ್ನ ಕಡೆ ತೋರಿಸಿ, “ಅವತ್ತು ಹೊರಗಿಂದ ಬಂತು ಅಂದಿದ್ದೆ. ನಾ ಕುರ್ಚಿ ಹಾಕಿದ್ದು ತಪ್ಪು ಮೂಲೇಲಿ. ಒಳಗೆ ಬಾ” ಎಂದರು. ಸೊಸೆ ಒಳಗೆ ಬಂದಳು. ತನ್ಮಯ್‌ಗೆ ನಮ್ಮ ಊರಿನ ಶಾಲೆಯೇ ನಿಶ್ಚಯವಾಗಿದೆ. ಅವನ ದಮ್ಮು ಪೂರ್ತಿ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಕಳೆದ ವಾರ ಒಮ್ಮೆ ಬಂದಿತ್ತು, ಔಷಧಿ ಸೇದಿ ಇಳಿಯಿತು. ನನಗೂ ಡಾಕ್ಟರು ಅದೇ ಬಣ್ಣದ ಡಬ್ಬಿ ಕೊಟ್ಟಿದ್ದಾರೆ. ಅದನ್ನು ಬಳಸುವ ಕ್ರಮವನ್ನು ನನ್ನ ಮೊಮ್ಮಗ ಕಲಿಸುತ್ತಿದ್ದಾನೆ. “ಹಾಗಲ್ಲ ಅಜ್ಜ, ಮೊದ್ಲು ಉಸಿರೆಲ್ಲ ಖಾಲಿ ಮಾಡು” ಎಂದು ಗದರುವ ಗುರುವಿನ ಎದುರು ಗತ್ತು ತೋರಿಸುವುದು ಹೇಗೆ ಎಂದು ತಾವೇ ಹೇಳಿ.

ನನಗಾದ ನಷ್ಟವನ್ನು ಈಗ ನಿವೇದಿಸಿಕೊಳ್ಳುತ್ತೇನೆ. ಹೊಸ ಕಣದಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಔಷಧಿ ಸೇದಿ, ಮೊನ್ನೆ ನಾನು ಮೊದಲ ಬಾರಿಗೆ ಬಾಯಿಬಿಟ್ಟು ಕೆಲಸ ಹೇಳಿದೆ. ಅಜ್ಜನ ಕಾಲದಿಂದ ಈ ಮನೆಯ ಯಜಮಾನರು ಸನ್ನೆ ಮಾಡಿದರೆ ಓಡಿಬರುತ್ತಿದ್ದ ಕಣ, ಮಾತಾಡಿದರೆ ತಿರುಗಿಯೂ ನೋಡುವುದಿಲ್ಲ ಎಂಬುದು ಅಲ್ಲಿ ಗೊತ್ತಾಯಿತು. ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವೇನೆಂದರೆ, ಇನ್ನು ಮುಂದೆ ತಮ್ಮ ಕೋಶಗಳು ಧೂಳಿಗೆ ಉಬ್ಬುವ ಮೊದಲು ಅದು ಯಾವ ಮನೆಯ ಧೂಳು, ಯಜಮಾನನ ಸ್ಥಾನಮಾನವೇನು ಎಂದು ವಿಚಾರಿಸಿಕೊಳ್ಳುವಂತೆ ಆಜ್ಞಾಪಿಸಬೇಕು. ಜಮೀನಿನ ಖಾತೆ ಬದಲಾವಣೆಗೆ ಹೇಗೆ ನೋಟೀಸು ಹೊರಡಿಸಿ ತಕರಾರಿಗೆ ಕಾಲಾವಕಾಶ ಕೊಡುತ್ತಾರೋ, ಹಾಗೆ ಅಜ್ಜನಿಂದ ಮೊಮ್ಮಗನಿಗೆ ದಮ್ಮು ವರ್ಗಾವಣೆಯಾಗುವ ಮೊದಲು ಎರಡೂ ಕಡೆಯ ಹಿರಿಯರನ್ನು ಕರೆಸಿ ಕೇಳುವ ಏರ್ಪಾಟಾಗಬೇಕು. ಕರೆ ಬಂದರೆ ನಾನು ತಕರಾರು ಸಲ್ಲಿಸಿ, ಆ ದಮ್ಮನ್ನು ನನ್ನ ಹೆಸರಿನಲ್ಲೇ ಉಳಿಸಿಕೊಳ್ಳುತ್ತೇನೆ. ಇದಾವುದೂ ತಮ್ಮ ಅಧಿಕಾರದಲ್ಲಿ ಇಲ್ಲವೆಂದಾದರೆ, ಗತ್ತನ್ನಾದರೂ ಹಿಂದಿರುಗಿಸಬೇಕು.

ಇನ್ನೂ ಎರಡು ಪುಟ ಬರೆಯುವ ವಿಚಾರವಿತ್ತು. ಮಗು ಹೊಸ ಕಣದ ದಿಬ್ಬದ ಕಡೆ ಓಡುತ್ತಿದೆ, ಯಾರಾದರೂ ಹಿಂದೆ ಹೋಗಿ ಎಂದು ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಕೂಗುತ್ತಿದ್ದಾರೆ. ಆ ದಿಬ್ಬವನ್ನು ನಾನು ಓಡಿ ಹತ್ತಿದ್ದು ಯಾವಾಗ ಎಂದು ನೆನಪಿಲ್ಲ. ಈಗ ಹತ್ತಬಲ್ಲೆ ಎಂದು ತೋರುತ್ತಿರುವುದರಿಂದ ಈ ದೂರನ್ನು ಇಲ್ಲಿಗೇ ಬಿಟ್ಟು ಏಳುತ್ತಿದ್ದೇನೆ.

ತಮ್ಮ ವಿಶ್ವಾಸಿ,
ಗಂಗಾಧರಪ್ಪ

ತಾ.ಕ.: ನಮ್ಮ ಗೋದಾಮಿನಲ್ಲಿ ತಮ್ಮ ದೂರದ ನೆಂಟರೊಬ್ಬರಿದ್ದಾರೆ. ಬಿಳಿಯೂ ಅಲ್ಲ, ಕರಿಯೂ ಅಲ್ಲ, ಬೂದಿ ಬಣ್ಣ. ಮೆಣಸಿನ ಚೀಲದೊಳಗೇ ಬಾಣಂತನ ಮುಗಿಸಿಕೊಳ್ಳುವ ಆ ಮನೆಯವರಲ್ಲಿ ಇದುವರೆಗೆ ಯಾರೂ ಒಂದು ಸೀನು ಸೀನಿದ್ದಿಲ್ಲ. ನಿನ್ನೆ ಅವರಿಗಾಗಿ ಕೊಬ್ಬರಿ ಚೂರು ಸಿಕ್ಕಿಸಿದ ಬೋನು ಇಟ್ಟಿದ್ದೇನೆ. ಸಂತಾಪದ ಕಾಗದವನ್ನು ತಾಯಿಯ ಕಡೆಗೆ ಬರೆಯಬೇಕೋ ತಂದೆಯ ಕಡೆಗೋ, ದಯವಿಟ್ಟು ಮುಂಚಿತವಾಗಿ ತಿಳಿಸಿ.